ಒಂಟಿ ಪ್ರವಾಸಿಯ ತೀರ್ಪು

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ದೇಶಾಟನದಿಂದ ಜ್ಞಾನವು ಬೆಳೆಯುವುದೆಂಬುದು ನಿರ್ವಿವಾದವು. ಆದರೆ ಎಷ್ಟು ದಿನ ಸುತ್ತಿದವರಿಗೆ ಆ ದೇಶದ ಜನರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರವು ಬರುವುದೆಂಬುದನ್ನು ಈ ಗಾದೆಯು ಹೇಳುವುದಿಲ್ಲ. ಒಂದು ಬೇಸಿಗೆಯಲ್ಲಿ ನಾಲ್ಕಾರು ಪಟ್ಟಣಗಳನ್ನು ಕಂಡುಬಂದು, ‘ಆ ಜನರು ಇಂಥವರು’ ಎಂದು ಹೇಳಿಬಿಡುವವರು ಎಲ್ಲ ಕಾಲಗಳಲ್ಲಿಯೂ ಉಂಟು. ಅವರ ಮಾತು ನಂಬಿಕೆಗೆ ಅರ್ಹವೆ? ಜೊತೆಯಿಲ್ಲದೆ ಹೋದವರ ವಿಷಯದಲ್ಲಿ ಈ ಸಂಶಯವು ಇನ್ನೂ ಹೆಚ್ಚು. ಏಕೆಂದರೆ ಅವರು ಕಂಡುದನ್ನು ಹೌದೆನ್ನುವುದಕ್ಕಾಗಲಿ ಅಲ್ಲವೆನ್ನುವುದಕ್ಕಾಗಲಿ ಬೇರೊಬ್ಬ ಸಾಕ್ಷಿಯಿರುವುದಿಲ್ಲ.

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನಿದರ್ಶನವನ್ನು ತೆಗೆದುಕೊಂಡು ವಿಚಾರಿಸುವುದು ಲೇಸು. 1792ರಲ್ಲಿ ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸುವ ಗ್ರಂಥವನ್ನು ಬರೆದು ಪ್ರಸಿದ್ಧಳಾಗಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬ ಆಂಗ್ಲ ಲೇಖಕಿಯು, 1795ರ ಬೇಸಿಗೆಯಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ಸಂಚರಿಸಿದಳು. ಸ್ವೀಡನ್ನಿನ ಗೊಥೆನ್‌ಬರ್ಗ್ ಪಟ್ಟಣದವರೆಗೆ ವರುಷ ತುಂಬಿದ ಮಗಳೂ ಒಬ್ಬ ದಾಸಿಯೂ ಜೊತೆಗಿದ್ದರು. ಅವರನ್ನು ಅಲ್ಲಿಯೇ ಬಿಟ್ಟು ನಾರ್ವೆಯ ಕರಾವಳಿಗೆ ಆಕೆಯು ಒಬ್ಬಳೇ ಹೋದಳು. ಈ ಪ್ರಯಾಣವನ್ನು ವರ್ಣಿಸುವ 25 ಪತ್ರಗಳು 1796ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು.

ಉತ್ತರ ದೇಶಗಳ ಬೇಸಿಗೆಯು ನೋಡುವವರನ್ನು ಮರುಳುಗೊಳಿಸತಕ್ಕದ್ದು. ಗೊಥೆನ್‌ಬರ್ಗಿನಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯನು ಮುಳುಗಿದರೂ ಸಂಜೆಯ ಬೆಳಕು ಪೂರ್ತಿಯಾಗಿ ಅಳಿಯದು. ನಡುರಾತ್ರಿಯಲ್ಲಿ ದೀಪವಿಲ್ಲದೆ ಬರೆಯಬಹುದಾಗಿತ್ತೆಂದು ಆಕೆಯೇ ಹೇಳಿರುವಳು. ಇಂತಹ ಬೆಳಕಿನಲ್ಲಿ ಬಂದುಹೋದವರಿಗೆ ಅಲ್ಲಿನ ಜೀವನವೆಲ್ಲವೂ ಬೆಳಕೆಂದು ತೋರಿದರೆ ಆಶ್ಚರ್ಯವೇನು? ಆದರೆ ಅದೇ ಲೇಖಕಿಯು ಸ್ವೀಡನ್ನಿನ ಮನೆಗೆಲಸದ ಹೆಂಗಸರ ಚಳಿಗಾಲವನ್ನೂ ಬರೆದಿರುವಳು. ಬಟ್ಟೆಯನ್ನು ಒಗೆಯಲು ಅವರು ಹೊಳೆಗೆ ಹೋಗುವರು. ಮಂಜುಗಡ್ಡೆಯು ತಾಗಿ ಅವರ ಕೈಗಳು ಸೀಳಿ ರಕ್ತ ಒಸರುತ್ತಿದ್ದರೂ, ಜೊತೆಯ ಗಂಡಾಳುಗಳು ಬಟ್ಟೆಯ ತೊಟ್ಟಿಯನ್ನು ಹೊರುವುದು ತಮ್ಮ ಗಂಡಸುತನಕ್ಕೆ ಕುಂದೆಂದೆಣಿಸಿ ಸುಮ್ಮನಿರುವರು. ಬೇಸಿಗೆಯಲ್ಲಿ ಬಂದವಳಿಗೆ ಇದು ಕಣ್ಣಿಗೆ ಬಿದ್ದುದಲ್ಲ, ವಿಚಾರಿಸಿ ತಿಳಿದುದಾಗಿರಬೇಕು. ಆ ಕರಾವಳಿಯಲ್ಲಿ ಮೊದಲು ಆತಿಥ್ಯವನ್ನಿತ್ತ ಗೃಹಸ್ಥನು, ಈಕೆಯು ಗಂಡಸರು ಕೇಳತಕ್ಕ ಪ್ರಶ್ನೆಗಳನ್ನು ಕೇಳುತ್ತಾಳೆಂದು ನೇರವಾಗಿ ಹೇಳಿದನಂತೆ. ಪ್ರವಾಸಿಗೆ ಕಾಲವು ಮರೆಮಾಡಿದುದನ್ನು ಪ್ರಶ್ನೆಯೇ ತೋರಿಸಬೇಕು.

ಇನ್ನೊಂದು ಗುಣವೂ ಇಲ್ಲಿ ಗಮನಾರ್ಹವು. 1792ರ ಕೊನೆಯಿಂದ 1795ರವರೆಗೆ ಫ್ರಾನ್ಸಿನಲ್ಲಿದ್ದು ಅಲ್ಲಿನ ಕ್ರಾಂತಿಯನ್ನು ಕಣ್ಣಾರೆ ಕಂಡ ಆಕೆಯು, ಫ್ರೆಂಚರ ಆಡಂಬರವನ್ನೂ ನೀತಿಹೀನತೆಯನ್ನೂ ಬಿರುಸಾಗಿ ನಿಂದಿಸಿದ್ದಳು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ನೋಡಿದಮೇಲೆ, ತಾನು ಮೊದಲು ಉತ್ತರಕ್ಕೆ ಬಂದು ಅನಂತರ ಫ್ರಾನ್ಸಿಗೆ ಹೋಗಿದ್ದರೆ ಅಷ್ಟು ಕಠಿಣವಾಗಿ ಬರೆಯುತ್ತಿರಲಿಲ್ಲವೆಂದು ಒಪ್ಪಿಕೊಂಡಳು. ಎರಡನೆಯ ದೇಶವು ಮೊದಲನೆಯ ದೇಶದ ಮೇಲಿನ ತೀರ್ಪನ್ನು ತಿದ್ದಿತು. ಹೀಗೆ ತಿದ್ದಿಸಿಕೊಳ್ಳಲು ಸಿದ್ಧವಾದ ಮನಸ್ಸಿಲ್ಲದಿದ್ದರೆ ದೇಶ ಸುತ್ತುವುದು ಕಾಲಿಗೆ ಶ್ರಮವಲ್ಲದೆ ಮತ್ತೇನು?

ಆದರೆ ಈ ನಿದರ್ಶನಕ್ಕೆ ಮತ್ತೊಂದು ಮುಖವುಂಟು. ತಾನು ಉತ್ತರ ದೇಶಗಳಿಗೆ ಏತಕ್ಕೆ ಹೋದೆನೆಂಬುದನ್ನು ಆಕೆಯು ಪುಸ್ತಕದಲ್ಲಿ ಹೇಳಲಿಲ್ಲ. ಆಕೆಯ ಮಗಳ ತಂದೆಯಾದ ಗಿಲ್ಬರ್ಟ್ ಇಮ್ಲೇ ಎಂಬ ಅಮೆರಿಕದ ವರ್ತಕನು ಬೆಳ್ಳಿಯನ್ನು ಹೇರಿ ಕಳುಹಿಸಿದ್ದ ಹಡಗಿನ ಸರಕು ಕೈತಪ್ಪಿಹೋಗಿತ್ತು; ಅದರ ವ್ಯವಹಾರವನ್ನು ನೋಡುವುದಕ್ಕಾಗಿ ಆಕೆಯು ಹೋಗಿದ್ದಳು. ಆ ಪ್ರೀತಿಯೂ ಅಷ್ಟರಲ್ಲಿ ಮುರಿಯುತ್ತಲಿತ್ತು. ಆಕೆಯು 1797ರಲ್ಲಿ ತೀರಿಕೊಂಡಳು. 1798ರಲ್ಲಿ ಪತಿಯಾದ ವಿಲಿಯಂ ಗಾಡ್ವಿನ್ನನು ಬರೆದ ಚರಿತ್ರೆಯಿಂದ ಪ್ರೀತಿಯ ಕಥೆಯು ಲೋಕಕ್ಕೆ ತಿಳಿಯಿತು. ಹಡಗಿನ ಕಥೆಯು ಸ್ಪಷ್ಟವಾದುದು ಇಪ್ಪತ್ತನೆಯ ಶತಮಾನದ ಸಂಶೋಧಕರಿಂದ. ಅದೇ ಪತ್ರಗಳಲ್ಲಿ ವ್ಯಾಪಾರವು ಮನುಷ್ಯನ ಹೃದಯವನ್ನು ಕೆಡಿಸುವುದೆಂದು ಆಕೆಯು ಬಹಳವಾಗಿ ಖಂಡಿಸಿರುವಳು. ಆ ಖಂಡನೆಯು ಹ್ಯಾಂಬರ್ಗಿನ ವರ್ತಕರನ್ನು ಕಂಡು ಹುಟ್ಟಿತೋ, ಒಬ್ಬ ವರ್ತಕನಿಂದ ನೊಂದು ಹುಟ್ಟಿತೋ, 1796ರ ವಾಚಕರು ತೂಗಿನೋಡುವಂತಿರಲಿಲ್ಲ.

ತನ್ನ ದುಃಖವನ್ನು ಬಚ್ಚಿಡುವ ಹಕ್ಕು ಎಲ್ಲರಿಗೂ ಉಂಟು. ಆದರೆ ಅನ್ಯರ ಮೇಲೆ ತೀರ್ಪು ಕೊಡುವಾಗ, ಆ ತೀರ್ಪನ್ನು ವಾಲಿಸಬಲ್ಲ ಸ್ವಂತ ಸಂಬಂಧವನ್ನು ಮರೆಮಾಡುವುದು ಬೇರೆಯ ಮಾತು. ಹಾಗೆಂದು ಪುಸ್ತಕವನ್ನೇ ತಳ್ಳಿಹಾಕುವುದು ವಿವೇಕವಲ್ಲ. ಹೇಳಿದವರನ್ನು ಪಕ್ಕಕ್ಕಿರಿಸಿದರೂ ಮಾತು ನಿಲ್ಲುವುದೆ ಎಂದು ನಾವು ನೋಡಬೇಕು. ಒಗೆಯುವ ಹೆಂಗಸಿನ ಸೀಳಿದ ಕೈ ಹೊಳೆಗೆ ಹೋದ ಯಾರಿಗಾದರೂ ಕಾಣತಕ್ಕದ್ದು. ವರ್ತಕರ ಹೃದಯವು ಹಾಗಲ್ಲ. ಅಲ್ಲಿ ಹೇಳಿದವರ ಹೃದಯವನ್ನೂ ಅರಿಯಬೇಕಾಗುವುದು.

ಇಂದು ಬೇಸಿಗೆಯ ಪ್ರವಾಸವು ಸುಲಭವಾಗಿದೆ. ಕಂಡುದನ್ನು ಸಾರುವುದು ಇನ್ನೂ ಸುಲಭ. ಆದರೆ ವರ್ಣಿಸಲ್ಪಟ್ಟವರಿಗೆ ಉತ್ತರ ಹೇಳುವ ಅವಕಾಶವು ಇಂದಿಗೂ ವಿರಳವೇ. ಆ ಸ್ವೀಡಿಷ್ ದಾಸಿಯರಲ್ಲಿ ಎಷ್ಟು ಮಂದಿ ಆ ಇಂಗ್ಲಿಷ್ ಪುಸ್ತಕವನ್ನು ಓದಿರಬಲ್ಲರು? ಪ್ರವಾಸಿಯ ತೀರ್ಪು ಪ್ರತಿವಾದಿಯ ಪರೋಕ್ಷದಲ್ಲಿ ಆಗುವ ತೀರ್ಪು. ಆದಕಾರಣ ಬರೆಯುವವರು ಆ ಜನರು ಎದುರಿಗೆ ಕುಳಿತು ಕೇಳುತ್ತಿರುವರೆಂದು ಭಾವಿಸಿ ಬರೆಯುವುದು ನ್ಯಾಯವು.