ಹರಳಿನ ಹೊರಗಿನ ದೋಷ

ನಿಶ್ಚಿತಾರ್ಥಕ್ಕೆ ವಜ್ರದುಂಗುರ ತೊಡಿಸುವ ವಾಡಿಕೆ ಈಗ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಹುಡುಗ ಹುಡುಗಿ ಜೊತೆಯಾಗಿ ಅಂಗಡಿಯಲ್ಲಿ ಕೂತು ಕಟ್, ಕಲರ್, ಕ್ಲಾರಿಟಿ, ಕ್ಯಾರೆಟ್ ಎಂದೆಲ್ಲ ವಿಚಾರಿಸುತ್ತಾರೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ಕಾಲು ಭಾಗವೂ ತೂಗದ ಹರಳನ್ನು ಭೂತಗನ್ನಡಿಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಒಳಗೆ ಚುಕ್ಕೆಯಿದೆಯೇ, ಗೆರೆಯಿದೆಯೇ ಎಂದು ಹುಡುಕುತ್ತಾರೆ. ತಪ್ಪೇನಿಲ್ಲ. ಹಿಂದಿನ ರತ್ನಪರೀಕ್ಷಕರೂ ಬಿಂದು, ರೇಖೆ, ಕಾಕಪದ ಎಂದು ದೋಷಗಳಿಗೆ ಹೆಸರಿಟ್ಟವರೇ. ಆದರೆ ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು, ಆ ಹರಳು ಯಾರ ಕೈ ದಾಟಿ ಬಂತು ಎಂಬುದರತ್ತ ಹೊರಳುವುದೇ ಇಲ್ಲವಲ್ಲ ಎಂಬುದು ನನ್ನನ್ನು ಕಾಡುತ್ತದೆ.

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂದು ಹಿರಿಯರು ಕೊಳ್ಳುವ ಮುಂಚೆ ಕೆಲವು ದಿನ ಮನೆಯಲ್ಲಿಟ್ಟು ನೋಡುತ್ತಿದ್ದರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಹರಳಿಗೂ ಹಿಂದಿನ ಬಾಳೊಂದಿದೆ, ಅದರ ಋಣ ತೊಟ್ಟವರನ್ನು ತಟ್ಟುತ್ತದೆ ಎಂಬ ಅಳುಕು ಆ ಭಯದಲ್ಲಿತ್ತು.

ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಬ್ಲೂ ಜಾಗರ್ ಓಲೆಗಳಿವೆ. ಆ ಹರಳಿಗೆ ಹೆಸರು ಕೊಟ್ಟದ್ದು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಎಂಬ ಗಣಿಯೂರು. ಗಣಿ 1971ರಲ್ಲಿ ಮುಚ್ಚಿದರೂ, ಹಿಂದೆ ಅಗೆದು ಎಸೆದಿದ್ದ ಮಣ್ಣಿನ ರಾಶಿಯನ್ನು ಮತ್ತೆ ತೊಳೆದು ಅಳಿದುಳಿದ ವಜ್ರ ಹೆಕ್ಕುವ ಕೆಲಸ ಈಚಿನವರೆಗೂ ನಡೆದಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ಕೆಸರು ತುಂಬಿಟ್ಟ ಕಟ್ಟೆ ಒಡೆಯಿತು. ಬೂದುಬಣ್ಣದ ರೊಜ್ಜು ಊರಿನ ಮೇಲೆ ಹರಿದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು, ಜೀವವನ್ನೂ ತೆಗೆಯಿತು. ನಮ್ಮ ಅಜ್ಜಿಯರಿಗೆ ಒಡವೆಯಾಗಿ ದಕ್ಕಿದ್ದು ಆ ಊರಿನ ಪಾಲಿಗೆ ಕೆಸರಾಗಿ ಉಳಿದಿತ್ತು.

ಅಂಗಡಿಯಲ್ಲಿ ಕೇಳಿದರೆ, ‘ಇದು ಕಾನ್‌ಫ್ಲಿಕ್ಟ್ ಫ್ರೀ ಸರ್’ ಎನ್ನುತ್ತಾರೆ. ಅಂಗೋಲ, ಸಿಯೆರಾ ಲಿಯೋನ್‌ಗಳಲ್ಲಿ ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡದ್ದನ್ನು ಕಂಡ ಮೇಲೆ, ಕಚ್ಚಾ ವಜ್ರದ ವ್ಯಾಪಾರಕ್ಕೆ ದೇಶಗಳು ಒಪ್ಪಿಕೊಂಡು 2003ರಲ್ಲಿ ಜಾರಿಗೆ ತಂದ ಕಿಂಬರ್ಲಿ ಪ್ರಮಾಣಪತ್ರ ವ್ಯವಸ್ಥೆಯ ಭರವಸೆ ಅದು. ಅದರ ಅರ್ಥವ್ಯಾಪ್ತಿ ಕಿರಿದು: ಬಂಡುಕೋರರ ಯುದ್ಧಕ್ಕೆ ಹಣವಾದ ವಜ್ರ ಮಾತ್ರ ಅದರ ಲೆಕ್ಕದಲ್ಲಿ ಕಳಂಕಿತ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಹೊಟ್ಟೆಪಾಡಿಗೆ ನೆಲ ಅಗೆಯುತ್ತಿದ್ದವರನ್ನು ಕೊಂದದ್ದು ಸರ್ಕಾರದ್ದೇ ಸೈನ್ಯ. 2011ರಲ್ಲಿ ಅದೇ ಕಿಂಬರ್ಲಿ ವ್ಯವಸ್ಥೆಯಿಂದ ಅಲ್ಲಿನ ಹರಳುಗಳ ರಫ್ತಿಗೆ ಒಪ್ಪಿಗೆಯೂ ಸಿಕ್ಕಿತು.

ಹಾಗೆಂದು ವಜ್ರವನ್ನೇ ತೊರೆಯಿರಿ ಎನ್ನಲು ನನಗೆ ಬಾಯಿ ಬಾರದು. 1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್ವಾನ ಕಡುಬಡ ದೇಶ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ಹಣ ಶಾಲೆ, ರಸ್ತೆ, ಆಸ್ಪತ್ರೆಗಳಾಯಿತು. ಜಗತ್ತಿನ ಬಹುಪಾಲು ವಜ್ರಗಳಿಗೆ ಸಾಣೆ ಹಿಡಿಯುವುದು ಸೂರತ್. ಬೇಡಿಕೆ ಕುಸಿದಾಗ ಮೊದಲು ಕೂಲಿ ಕಳೆದುಕೊಳ್ಳುವವರು ಆ ಸಾಣೆಗಾರರೇ. ಇನ್ನು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬರಿಗಣ್ಣಿಗೆ ಗಣಿಯದಕ್ಕಿಂತ ಬೇರೆಯಲ್ಲ, ಬೆಲೆಯೂ ಬಹಳ ಕಡಿಮೆ. ಬಂಗಾರದಂತಹ ಆಯ್ಕೆಯೆಂದೇ ತೋರುತ್ತದೆ. ಆದರೆ ಅದನ್ನು ಬೆಳೆಸಲು ವಿದ್ಯುತ್ತು ವಿಪರೀತ ಬೇಕು. ಅದು ಕಲ್ಲಿದ್ದಲಿನದೋ ಬಿಸಿಲಿನದೋ ಎಂದು ಅಲ್ಲಿಯೂ ಕೇಳಬೇಕಾಗುತ್ತದೆ.

ನನ್ನ ಒಲವು ಮನೆಯ ಹಳೆಯ ಹರಳಿನತ್ತ. ಜೋಡಿ ಕಳೆದುಕೊಂಡ ಓಲೆಯದೋ, ಯಾರೂ ತೊಡದ ಮೂಗುಬೊಟ್ಟಿನದೋ ಹರಳನ್ನು ಬಿಚ್ಚಿಸಿ ಉಂಗುರಕ್ಕೆ ಕಟ್ಟಿಸಿದರೆ ಎಲ್ಲೂ ಹೊಸ ನೆಲ ಅಗೆಯಬೇಕಿಲ್ಲ. ಹೊಸದೇ ಬೇಕೆನ್ನುವವರು ಯಾವ ದೇಶದ್ದು, ಯಾವ ಗಣಿಯದ್ದು, ಎಲ್ಲಿ ಸಾಣೆ ಹಿಡಿದದ್ದು ಎಂದು ಬಿಲ್ಲಿಗೆ ಮುಂಚೆ ಕೇಳಲಿ. ಬಾಯಿಮಾತಿನ ಉತ್ತರ ಸಾಲದು. ಬರೆದುಕೊಡುವ ಅಂಗಡಿ ಸಿಕ್ಕಿದರೆ, ಹರಳು ಅರ್ಧ ಗಾತ್ರದ್ದಾದರೂ ಅಲ್ಲಿಯೇ ಕೊಳ್ಳಲಿ.