ವಿಹಾರವೂ ತೀರ್ಥವೂ
ಕುಮಾವೂನ್ ಬೆಟ್ಟಗಳ ನಡುವಿನ ನೈನಿತಾಲ್‌ಗೆ ವಿಶ್ರಾಂತಿಯನ್ನೂ ಸಾಹಸವನ್ನೂ ಅರಸಿ ಹೊರಡುವವರ ಯೋಜನೆ ಸಾಮಾನ್ಯವಾಗಿ ದೋಣಿವಿಹಾರ, ನೈನಾ ಶಿಖರದ ಚಾರಣ ಹಾಗೂ ವಸತಿಯ ಸುತ್ತ ರೂಪುಗೊಳ್ಳುತ್ತದೆಯಾದರೂ, ಅಲ್ಲಿನ ಸರೋವರವು ಸತೀದೇವಿಯ ಕಣ್ಣು ಬಿದ್ದ ಶಕ್ತಿಪೀಠ, ಅಂದರೆ ದೇವಿಯ ಅಂಗ ಬಿದ್ದು ಪವಿತ್ರವಾದ ನೆಲೆ, ಎಂಬ ನಂಬಿಕೆಯು ಪ್ರಶ್ನೆಯೊಂದನ್ನು ಮುಂದಿಡುತ್ತದೆ: ಸುಖಕ್ಕಾಗಿ ಬಂದವರಿಗೂ ಕ್ಷೇತ್ರದ ಋಣವಿದೆಯೇ?

ಭಗವದ್ಗೀತೆಯ ಆರನೆಯ ಅಧ್ಯಾಯವು ಯೋಗಿಗೂ ಯುಕ್ತವಾದ, ಎಂದರೆ ಹದವರಿತ, ಆಹಾರವಿಹಾರಗಳನ್ನು ವಿಧಿಸುವುದರಿಂದ ವಿಶ್ರಾಂತಿಯನ್ನು ಧರ್ಮವಿರೋಧಿಯೆಂದು ತಳ್ಳಿಹಾಕಲಾಗದು; ಹದ ತಪ್ಪುವುದೇ ದೋಷ. ಈ ಹದ ನೆಲದ ವಿಷಯದಲ್ಲೂ ಬೇಕೆಂಬುದನ್ನು ನೈನಿತಾಲ್ ಕಂಡಿದೆ: 1880ರ ಸೆಪ್ಟೆಂಬರ್ 18ರಂದು ಮಳೆಗೆ ಸಡಿಲಗೊಂಡ ಅಲ್ಲಿನ ಇಳಿಜಾರು ಕುಸಿದು 151 ಜನರನ್ನು ಬಲಿತೆಗೆದುಕೊಂಡಿತಲ್ಲದೆ ದಡದ ನೈನಾದೇವಿ ಗುಡಿಯನ್ನೂ ನೆಲಸಮಗೊಳಿಸಿತು. ಆನಂತರ ವಿಸ್ತರಿಸಿದ ಚರಂಡಿಗಳ ಜಾಲವು ಇಂದಿಗೂ ಬೆಟ್ಟದ ನೀರನ್ನು ಸರೋವರಕ್ಕೆ ಒಯ್ದು ಇಳಿಜಾರನ್ನು ಕಾಯುತ್ತದೆ. ಆ ಚರಂಡಿಗೆ ಎಸೆದ ಪ್ಲಾಸ್ಟಿಕ್ ಬಾಟಲಿಯು ಊರಿಗೆ ಕುಡಿಯುವ ನೀರೊದಗಿಸುವ ಸರೋವರದ ಮಡಿಲನ್ನೇ ಸೇರುತ್ತದೆ.

ಆದ್ದರಿಂದ ಋಣ ಖಂಡಿತವಾಗಿಯೂ ಇದೆ. ನೆಲದ ಮಿತಿಯನ್ನು ಅರಿತು, ನೀರನ್ನು ಹಿತಮಿತವಾಗಿ ಬಳಸಿ, ಸ್ಥಳೀಯರ ಬದುಕನ್ನು ಗೌರವಿಸುವವರ ವಿಹಾರವು ತೀರ್ಥಯಾತ್ರೆಗಿಂತ ಕಿರಿದಲ್ಲ. ಈ ಸಂಯಮವಿಲ್ಲದ ಯಾತ್ರೆ ಗರ್ಭಗುಡಿಯವರೆಗೆ ಹೋದರೂ ಬರಿಯ ಭೋಗವೇ ಆಗಿ ಉಳಿಯುತ್ತದೆ.