ತಪ್ಪಿಲ್ಲದವರ ಹೊಣೆ

ಮನೆಯಲ್ಲಿ ಏನಾದರೂ ಒಡೆದ ಸದ್ದು ಕೇಳಿದ ಕೂಡಲೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ‘ಯಾರದು?’ ಎಂಬುದು. ಏನು ಒಡೆಯಿತು, ಎಷ್ಟು ಒಡೆಯಿತು, ಮತ್ತೆ ಕೂಡಿಸಲು ಬಂದೀತೇ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಎಷ್ಟೋ ಸಲ ಬರುವುದೇ ಇಲ್ಲ. ಒಡೆದವರು ಸಿಕ್ಕರೆ ಬೈದು ಸಮಾಧಾನ ಪಡುತ್ತೇವೆ. ಸಿಗದಿದ್ದರೆ ಹಣೆಬರಹವೆಂದೋ ತಕ್ದೀರ್ ಎಂದೋ ಹೇಳಿ ಚೂರುಗಳನ್ನು ಗುಡಿಸಿ ತಿಪ್ಪೆಗೆ ಚೆಲ್ಲುತ್ತೇವೆ. ಎರಡರಲ್ಲಿ ಏನು ಮಾಡಿದರೂ ಒಡೆದ ವಸ್ತು ಒಡೆದೇ ಉಳಿಯುತ್ತದೆ. ಯಾರ ತಪ್ಪೂ ಇಲ್ಲದೆ ಹಾಳಾದುದನ್ನು ಸರಿಪಡಿಸುವ ಹೊಣೆ ಯಾರದು? ತಪ್ಪಿಲ್ಲ ಎಂದ ಮೇಲೆ ಹೊಣೆಯೂ ಇಲ್ಲವೇ? ಪ್ರಶ್ನೆ ದೊಡ್ಡದು. ಇದನ್ನು ಬಹಳ ಸಣ್ಣ ವಸ್ತುಗಳನ್ನಿಟ್ಟುಕೊಂಡು, ಒಂದು ಅಂಗುಲಕ್ಕಿಂತ ತುಸು ಎತ್ತರದ ಆಟದ ಸೈನಿಕರನ್ನಿಟ್ಟುಕೊಂಡು ಯೋಚಿಸಬಹುದೆಂದು ನಮಗೆ ತೋರಿದೆ.

ಸೈನ್ಯ ಹೂಡಿ ಕುಳಿತು ಆಡುವ ಆಟ ನಮ್ಮ ನಾಡಿಗೆ ಹೊಸತಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚದುರಂಗ. ಅದೇ ಹೆಸರು ಪಾರಸಿ, ಅರಬಿಗಳಲ್ಲಿ ಹಾದು ಶತರಂಜ್ ಆಯಿತು. ಗದಗ-ಬೆಟಗೇರಿಯ ಹಳಬರು ಇದನ್ನು ಬುದ್ಧಿಬಳ ಎನ್ನುತ್ತಾರೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ತರಬೇತಿಗೆಂದು ನಕ್ಷೆಯ ಮೇಲೆ ಯುದ್ಧದ ಆಟ ಆಡಿದರು. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ತಂದರು. ಈಗ ಬೆಂಗಳೂರಿನಂಥ ನಗರಗಳಲ್ಲಿ ಕೆಲವು ತರುಣರು ಆಡುವುದು ಅದರ ಮೊಮ್ಮಕ್ಕಳಂಥ ಆಟಗಳನ್ನು. ಇವುಗಳ ಗೊಂಬೆಗಳು ಹೆಚ್ಚಾಗಿ ಬಿಡಿ ಭಾಗಗಳಾಗಿ ಬರುತ್ತವೆ. ಕೈ, ಕಾಲು, ಕತ್ತಿ, ಗುರಾಣಿಗಳನ್ನು ಆಡುವವನೇ ಅಂಟಿಸಬೇಕು, ಕೂದಲೆಳೆಯಂಥ ಕುಂಚ ಹಿಡಿದು ಬಣ್ಣ ಹಚ್ಚಬೇಕು. ಒಂದು ಗೊಂಬೆಗೆ ಒಂದು ಸಂಜೆ ಬೇಕು, ಕೆಲವಕ್ಕೆ ಒಂದು ವಾರ. ಹೀಗಾಗಿ ಅಂಗಡಿಯ ಬೆಲೆ ಬೇರೆ, ಅದರ ನಿಜವಾದ ಬೆಲೆ ಬೇರೆ.

ನಮ್ಮ ಬಂಧುಗಳಲ್ಲೇ ಬೆಟಗೇರಿಯ ಒಬ್ಬ ಹುಡುಗನಿಗೆ ಬೆಂಗಳೂರಿನ ನೌಕರಿಯ ದಿನಗಳಲ್ಲಿ ಈ ಹುಚ್ಚು ಹತ್ತಿತು. ಮುಂದೆ ಅವನು ದುಡಿಯಲು ಹೊರದೇಶಕ್ಕೆ ಹೊರಟಾಗ ನಲವತ್ತರಷ್ಟು ಸೈನಿಕರಿದ್ದ ಡಬ್ಬಿಯನ್ನು ಲಕ್ಷ್ಮೇಶ್ವರದಲ್ಲಿರುವ ತನ್ನ ಖಾಲಾನ ಕೈಗೆ ಕೊಟ್ಟು ಹೋದ. ಅವರು ನಮಗೆ ಆಪಾ ಆಗಬೇಕು. ಮಕ್ಕಳ ಕೈಗೆ ಸಿಗಬಾರದೆಂದು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಹಲಗೆಯ ಒಳಗೆ ಗೆದ್ದಲು ಹತ್ತಿದ್ದು ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ. ಒಂದು ಮಳೆಗಾಲದ ರಾತ್ರಿ ಹಲಗೆ ಮುರಿದು, ಹಿತ್ತಾಳೆಯ ಹಂಡೆಯ ಸಮೇತ ಎಲ್ಲವೂ ಕೆಳಗೆ ಬಂತು. ಈಟಿಗಳು ಮುರಿದವು, ಕುದುರೆಗಳ ಕಾಲು ಹೋದವು, ಅಕ್ಕಿಕಾಳಿನಷ್ಟಿದ್ದ ಕೈಗಳು ಮಣ್ಣಿನಲ್ಲಿ ಚೆಲ್ಲಿದವು.

ಆಪಾ ಮಾಡಿದ ಮೊದಲ ಕೆಲಸ ಕಸಬರಿಗೆಯನ್ನು ಬದಿಗಿಟ್ಟದ್ದು. ಆ ಕೋಣೆಯೊಳಗೆ ಯಾರೂ ಕಾಲಿಡಬಾರದೆಂದರು. ಬಿದ್ದ ಧೂಳನ್ನೆಲ್ಲ ಕೈಯಿಂದ ಬಳಿದು, ಹಿಟ್ಟಿನ ಸಾಣಿಗೆಯಲ್ಲಿ ಹಾಕಿ ಸೋಸಿದರು. ಸಿಕ್ಕ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿದರು. ಸುದ್ದಿ ತಿಳಿದ ಹುಡುಗ ಫೋನಿನಲ್ಲಿ, “ಖಾಲಾ, ಬಿಟ್ಟುಬಿಡ್ರಿ. ನಿಮ್ಮ ತಪ್ಪೇನೈತಿ ಅದರಾಗ? ಹೊಸಾವು ಸಿಗ್ತಾವ” ಎಂದ. ಆಪಾ ಹೇಳಿದ್ದು ಇಷ್ಟೇ: “ತಪ್ಪು ನಂದಲ್ಲಪಾ, ಖರೆ. ಆದ್ರ ಡಬ್ಬಿ ನನ್ನ ಕಡೆ ಇತ್ತಲ್ಲ?”

ಈ ಮಾತನ್ನು ಕಾನೂನು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 151 ಮತ್ತು 152ನೆಯ ಕಲಮುಗಳ ಪ್ರಕಾರ, ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನು ವಿವೇಕಿಯಾದ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಿದರೆ ಸಾಕು. ಬೇರೆ ಕರಾರು ಇಲ್ಲದಿದ್ದರೆ, ಅಷ್ಟು ಮಾಡಿಯೂ ವಸ್ತು ಹಾಳಾದಲ್ಲಿ ನಷ್ಟ ಅವನದಲ್ಲ. ಇಸ್ಲಾಮೀ ಧರ್ಮಶಾಸ್ತ್ರ ಇದಕ್ಕಿಂತ ಎಷ್ಟೋ ಶತಮಾನ ಮೊದಲೇ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಅಮಾನತ್ತಾಗಿ ಇಟ್ಟ ವಸ್ತು ಇಟ್ಟುಕೊಂಡವನ ನಿರ್ಲಕ್ಷ್ಯವಾಗಲಿ ದುರುಪಯೋಗವಾಗಲಿ ಇಲ್ಲದೆ ಹಾಳಾದರೆ ಅವನಿಂದ ದಂಡ ಕೇಳುವಂತಿಲ್ಲ. ಇದು ಸರಿಯಾದ ನಿಯಮವೇ. ಹೀಗಿಲ್ಲದಿದ್ದರೆ ನೆರೆಹೊರೆಯವರ ವಸ್ತುವನ್ನು ಕಾಯಲು ಯಾವ ಬಡವನೂ ಒಪ್ಪುತ್ತಿರಲಿಲ್ಲ.

ಆದರೆ ಕಾನೂನು ಹೇಳುವುದು ಇನ್ನೊಬ್ಬರು ನಮ್ಮಿಂದ ಏನನ್ನು ಕೇಳಬಹುದು ಎಂಬುದನ್ನು ಮಾತ್ರ. ನಾವು ನಮ್ಮಿಂದ ಏನನ್ನು ಕೇಳಿಕೊಳ್ಳಬಹುದು ಎಂಬುದಕ್ಕೆ ಅದರಲ್ಲಿ ಕಲಮು ಇಲ್ಲ. ಕುರ್‌ಆನ್ ನ್ಯಾಯದ ಜೊತೆಗೇ ಇಹ್ಸಾನ್ ಎಂಬ ಇನ್ನೊಂದು ಮಾತನ್ನು ಇಟ್ಟಿರುವುದು ಈ ಕಾರಣಕ್ಕೇ ಇರಬೇಕು. ಕೊಡಬೇಕಾದಷ್ಟನ್ನು ಕೊಡುವುದು ನ್ಯಾಯ. ಕೊಡಬೇಕಾಗಿಲ್ಲದ್ದನ್ನು ಚೆಲುವಾಗಿ ಕೊಡುವುದು ಇಹ್ಸಾನ್.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ತಪ್ಪಿಲ್ಲದವರ ತಲೆಗೆ ಹೊಣೆ ಕಟ್ಟುವುದು ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಗಂಡಸರು ಮುರಿದದ್ದನ್ನು ಹೆಂಗಸರು ಜೋಡಿಸುತ್ತಾ ಬಂದಿದ್ದಾರೆ. ಹಿರಿಯರ ಸಾಲವನ್ನು ಮಕ್ಕಳು ತೀರಿಸಿದ್ದಾರೆ. ಎಲ್ಲೋ ಯಾರೋ ಮಾಡಿದ್ದಕ್ಕೆ ಇಲ್ಲಿನ ಒಂದು ಇಡೀ ಓಣಿ ಜವಾಬು ಹೇಳಬೇಕಾಗಿ ಬಂದಿದೆ. ಹಾಗಾದರೆ ಆಪಾನ ಮಾತನ್ನು ಹೊಗಳುವುದು ಈ ಅನ್ಯಾಯಕ್ಕೆ ಇನ್ನೊಂದು ಗಂಟು ಹಾಕಿದಂತಲ್ಲವೇ?

ನಮಗೆ ಹಾಗೆ ತೋರುವುದಿಲ್ಲ. ಹೊರಿಸಿದ ಹೊಣೆ ಬೇರೆ, ಹೊತ್ತುಕೊಂಡ ಹೊಣೆ ಬೇರೆ. ಆ ಹುಡುಗ ‘ಸರಿಮಾಡಿ ಕೊಡ್ರಿ’ ಎಂದು ಹಟ ಹಿಡಿದಿದ್ದರೆ ಅದು ಜುಲುಮೆ ಆಗುತ್ತಿತ್ತು. ಆಪಾ ‘ನನಗೇನು ಸಂಬಂಧ’ ಎಂದಿದ್ದರೆ ಅದು ಜುಲುಮೆ ಆಗುತ್ತಿರಲಿಲ್ಲ. ಆದರೆ ಇಬ್ಬರ ನಡುವೆ ಇದ್ದದ್ದೇನೋ ಸ್ವಲ್ಪ ತೆಳ್ಳಗಾಗುತ್ತಿತ್ತು. ಅವನು ಬಿಟ್ಟುಕೊಟ್ಟ, ಅವರು ಬಿಡಲೊಲ್ಲೆ ಎಂದರು. ಕಳೆದುಕೊಂಡವನು ಬಿಡಲು, ಕಾಯ್ದವರು ಹೊರಲು ತಯಾರಿದ್ದಾಗ ಮಾತ್ರ ಈ ಹೊಣೆ ಚೆಲುವಾಗಿರುತ್ತದೆ. ಒಂದೇ ಕಡೆಯವರು ಯಾವಾಗಲೂ ಹೊರುತ್ತಿದ್ದರೆ ಅದು ಬಿಟ್ಟಿ ಚಾಕರಿ.

ಇನ್ನು ಜೋಡಿಸುವ ಕೆಲಸ. ಶಿರಹಟ್ಟಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ಬಂಧುವೊಬ್ಬರು ಕಣ್ಣಿಗೆ ಮಸೂರ ಹಚ್ಚಿಕೊಂಡು, ಚಿಮಟ ಹಿಡಿದು ಕುಳಿತರು. ಮುರಿದ ಮುಖಗಳಿಗೆ ಹತ್ತಿದ್ದ ಧೂಳನ್ನೂ ಹಳೆಯ ಬಣ್ಣವನ್ನೂ ಮೊದಲು ತೆಗೆಯಬೇಕು. ಇಲ್ಲದಿದ್ದರೆ ಅಂಟು ಬಣ್ಣವನ್ನು ಹಿಡಿಯುತ್ತದೆ, ಗೊಂಬೆಯನ್ನು ಹಿಡಿಯುವುದಿಲ್ಲ. ಫೆವಿಕಾಲ್ ಇಂಥ ಪ್ಲಾಸ್ಟಿಕ್ಕಿಗೆ ನಿಲ್ಲುವುದಿಲ್ಲ. ಫೆವಿಕ್ವಿಕ್‌ನಂಥ ಅಂಟು ಕ್ಷಣದಲ್ಲಿ ಹಿಡಿದರೂ ಗಾಜಿನಂತೆ ಬಿರುಸು, ಒಂದು ಪೆಟ್ಟಿಗೆ ಬಿಟ್ಟುಕೊಡುತ್ತದೆ. ಹೆಚ್ಚು ಸುರಿದರೆ ಅದರ ಆವಿಯಿಂದ ಸುತ್ತಲೂ ಬಿಳಿ ಮಂಜು ಕಟ್ಟುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟು ಎರಡೂ ಮುಖಗಳನ್ನು ತುಸು ಕರಗಿಸಿ ಒಂದರೊಳಗೊಂದನ್ನು ಬೆರೆಸುತ್ತದೆ. ಆರುವ ತನಕ ಕಾಯಬೇಕು. ಭಾರ ಹೊರುವ ಕುದುರೆಯ ಕಾಲಿಗೆ ಅಂಟೊಂದೇ ಸಾಲದು. ಎರಡೂ ಕಡೆ ಸೂಜಿಯಷ್ಟು ಸಣ್ಣ ತೂತು ಕೊರೆದು, ಒಳಗೆ ತಂತಿಯ ತುಂಡು ಸೇರಿಸಿ ಕೂಡಿಸಬೇಕು. ವೈದ್ಯರು ಮುರಿದ ಎಲುಬಿಗೆ ಸರಳು ಹಾಕುವಂತೆ. ಅವಸರ ಮಾಡಿದಲ್ಲೆಲ್ಲ ಕೆಲಸ ಎರಡೆರಡು ಸಲ ಆಯಿತು.

ಬಣ್ಣದ ಕೆಲಸ ಮುಂಡರಗಿಗೆ ಹೋಯಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದ ಬೋರ್ಡ್ ಪೇಂಟರ್ ಒಬ್ಬರು, ಹಳೆಯ ಬಣ್ಣಕ್ಕೆ ಹೊಂದುವ ಬಣ್ಣವನ್ನು ಬೆರೆಸಿ ಬೆರೆಸಿ ಹುಡುಕಿದರು. ಹೀಗೆ ಒಬ್ಬ ಹುಡುಗನ ಆಟಿಕೆ ಮೂರು ಊರು ತಿರುಗಿತು.

ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಿದೆ. ಮುತ್ತಿಗೆ ಅದು ನಿಜ, ಗೊಂಬೆಗೆ ಅಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರನ್ನು ನೋಡಿ. ಅವರು ಹಗುರ ಮರದಲ್ಲಿ ಭಾಗಗಳನ್ನು ಬೇರೆಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಅದೇ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಮೆತ್ತುತ್ತಾರೆ. ಅರಿವೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಸರಿ ಬಳಿದು, ಆಮೇಲೆ ಬಣ್ಣ ಹಾಕುತ್ತಾರೆ. ಅಂದರೆ ಆ ಗೊಂಬೆ ಹುಟ್ಟುವುದೇ ಜೋಡಣೆಯಿಂದ. ಜೋಡಣೆಯಿಂದ ಹುಟ್ಟಿದ್ದಕ್ಕೆ ಮತ್ತೆ ಜೋಡಿಸಿಕೊಳ್ಳುವುದರಲ್ಲಿ ನಾಚಿಕೆ ಏನು? ಹುಡುಗನ ಸೈನಿಕರೂ ಹಾಗೆಯೇ ಹುಟ್ಟಿದವರು. ಮನುಷ್ಯ ಸಂಬಂಧಗಳೂ ಮುತ್ತಿನ ಜಾತಿಗಿಂತ ಕಿನ್ನಾಳದ ಜಾತಿಗೆ ಹತ್ತಿರವೆಂದು ನಮ್ಮ ಅನಿಸಿಕೆ.

ಜೋಡಿಸಿದ ಗೆರೆ ಕಾಣಬೇಕೇ, ಬಾರದೇ? ಹಳೆಯ ಗುಡಿಗಳ ಜೀರ್ಣೋದ್ಧಾರದಲ್ಲಿ ಬಿದ್ದುಹೋದ ಜಾಗಕ್ಕೆ ಕೆತ್ತನೆಯಿಲ್ಲದ ಸಪಾಟು ಕಲ್ಲು ಕೂಡಿಸುವ ರೂಢಿಯಿದೆ. ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡುವವರಿಗೆ ತಿಳಿಯಲಿ ಎಂಬ ಪ್ರಾಮಾಣಿಕತೆ ಅದು. ಆಟಿಕೆಗೆ ಆ ನಿಯಮ ಹೊಂದದು. ಅದು ಕಣ್ಣಿಗೆ ಇಡಿಯಾಗಿ ಕಾಣಬೇಕು. ಆದರೆ ಕಣ್ಣಿಗೆ ಮರೆಸಬಹುದಾದದ್ದನ್ನು ಒಡೆಯನಿಗೆ ಮರೆಸಬಾರದು. ಆಪಾ ಒಂದು ಚೀಟಿಯಲ್ಲಿ ಯಾವ ಗೊಂಬೆಗೆ ಏನಾಗಿತ್ತು, ಯಾವುದಕ್ಕೆ ತಂತಿ ಹಾಕಿದೆ, ಯಾವ ಮೂರು ಚೂರುಗಳು ಸಿಗಲೇ ಇಲ್ಲ ಎಂದು ಉರ್ದುವಿನಲ್ಲಿ ಬರೆದು ಡಬ್ಬಿಯೊಳಗಿಟ್ಟರು. ಒಳ್ಳೆಯ ರಿಪೇರಿಗೂ ಮೋಸಕ್ಕೂ ನಡುವೆ ಎಷ್ಟೋ ಸಲ ಇಂಥ ಒಂದು ಚೀಟಿಯಷ್ಟೇ ಅಂತರ.

ಕೊಲ್ಲುವ ಸಿಪಾಯಿಗಳ ಗೊಂಬೆಗೆ ಇಷ್ಟೊಂದು ಜತನವೇಕೆ ಎಂದು ಕೇಳುವವರಿದ್ದಾರೆ. ವೆಲ್ಸ್ ತಮ್ಮ ಪುಸ್ತಕದಲ್ಲಿ ನಿಜವಾದ ಯುದ್ಧಕ್ಕಿಂತ ಆಟದ ಯುದ್ಧವೇ ಲೇಸೆಂದು ವಾದಿಸಿದ್ದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ನಮ್ಮ ಮುಂಡರಗಿಯ ಭೀಮರಾಯ 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದ. ಅಲ್ಲಿ ಬಿದ್ದವರನ್ನು ಎಬ್ಬಿಸುವ ಅಂಟು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಗೊಂಬೆಯ ಕೈಯನ್ನು ಮತ್ತೆ ಅಂಟಿಸಿದವನಿಗೆ ನಿಜವಾದ ಕೈ ಹೀಗೆ ಅಂಟುವುದಿಲ್ಲ ಎಂಬುದು ಇನ್ನಷ್ಟು ಚೆನ್ನಾಗಿ ತಿಳಿದೀತು. ಗೊಂಬೆ ಎಂದರೆ ಹುಬ್ಬುಗಂಟಿಕ್ಕುವ ನಮ್ಮವರಿಗೂ ಒಂದು ನೆನಪು: ಹಜ್ರತ್ ಆಯಿಷಾರ ಆಟಿಕೆಗಳಲ್ಲಿ ರೆಕ್ಕೆಯಿದ್ದ ಒಂದು ಕುದುರೆಯಿತ್ತೆಂದೂ, ಕುದುರೆಗೆ ರೆಕ್ಕೆಯೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಕೇಳಿ ಪ್ರವಾದಿಯವರು ನಕ್ಕರೆಂದೂ ಹದೀಸಿನಲ್ಲಿದೆ.

ಈ ಊರುಗಳಲ್ಲಿ ನಮ್ಮ ಕೈಯಲ್ಲಿರುವ ಅಮಾನತ್ತು ಗೊಂಬೆಗಳದೊಂದೇ ಅಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ, ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ಎರಡೂ ಕಡೆಯ ಜನ ನಡೆದುಕೊಳ್ಳುವ ರೂಢಿಯನ್ನು ನಾವು ಕಟ್ಟಲಿಲ್ಲ. ಹಿರಿಯರು ಕಟ್ಟಿ, ಕಾಯ್ದುಕೊಂಡಿರಿ ಎಂದು ನಮ್ಮ ಕೈಗಿಟ್ಟು ಹೋದರು. ಅಲ್ಲೆಲ್ಲಾದರೂ ಬಿರುಕು ಕಂಡಾಗ ‘ನಾವು ಮಾಡಿದ್ದಲ್ಲ’ ಎನ್ನುತ್ತೇವೆ. ಬಹುಮಟ್ಟಿಗೆ ಅದು ನಿಜವೇ. ನಮ್ಮಲ್ಲಿ ಹೆಚ್ಚಿನವರು ಯಾವುದನ್ನೂ ಮುರಿದವರಲ್ಲ. ಮುರಿದವರಿದ್ದರೆ ಅವರಿಂದ ಜವಾಬು ಕೇಳಲೇಬೇಕು, ಅದು ನ್ಯಾಯ. ಆದರೆ ಆ ಜವಾಬು ಬರುವ ತನಕ ಚೂರುಗಳು ಕಾಲಡಿಗೆ ಸಿಕ್ಕು ಪುಡಿಯಾಗಬಾರದು. ಅವನ್ನು ಧೂಳಿನಿಂದ ಹೆಕ್ಕಿ, ಸೋಸಿ, ಒಂದು ಬಟ್ಟೆಯ ಮೇಲೆ ಹರಡಿಡುವಷ್ಟು ಕೆಲಸ ತಪ್ಪಿಲ್ಲದವರಿಂದಲೂ ಆಗುತ್ತದೆ. ಅನೇಕ ಸಲ ಅವರಿಂದ ಮಾತ್ರ ಆಗುತ್ತದೆ.